ಜ್ವರ ಬಿಟ್ಟಿತು, ರಕ್ತ ಬಂತೇ?

ಮಕ್ಕಳೇ, ಓದಲು ಕೂರುವ ಮೊದಲು ಒಂದು ಕೆಲಸ ಮಾಡೋಣ. ಕೈ ತೊಳೆದುಕೊಂಡು ಕನ್ನಡಿ ಮುಂದೆ ನಿಲ್ಲಿ. ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಎಳೆದು ಒಳಗಿನ ಬಣ್ಣ ನೋಡಿ. ದಾಳಿಂಬೆ ಕಾಳಿನ ಹಾಗೆ ಕೆಂಪಗಿದೆಯೇ? ಬಿಳಿಚಿಕೊಂಡಿದೆಯೇ? ಊರಿನ ಆಶಾ ಅಕ್ಕ ಮಕ್ಕಳ ಕಣ್ಣುರೆಪ್ಪೆ ಎಳೆದು ನೋಡುವುದು ಇದನ್ನೇ. ಆ ಕೆಂಪು ಮಸುಕಾಗಿದ್ದರೆ ಅಕ್ಕ ಅಮ್ಮನ ಕಡೆ ತಿರುಗಿ, "ಮಗೂಗೆ ರಕ್ತ ಕಮ್ಮಿ ಇರೋ ಹಾಗಿದೆ, ಆಸ್ಪತ್ರೇಲಿ ಒಂದ್ಸಲ ಟೆಸ್ಟ್ ಮಾಡಿಸಿ" ಅನ್ನುತ್ತಾರೆ.

ರಕ್ತ ಕಮ್ಮಿ ಎಂದರೇನು? ಮೈಯಲ್ಲಿ ಇದ್ದ ರಕ್ತ ಎಲ್ಲಿಗೆ ಹೋಯಿತು? ಗಾಯವಿಲ್ಲ, ಸೋರಿಲ್ಲ, ಆದರೂ ಕಮ್ಮಿ ಆಗುವುದು ಹೇಗೆ? ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಕಾರಣದ ಕಥೆಯನ್ನು ಇಂದು ನಿಮಗೆ ಹೇಳುತ್ತೇನೆ. ಅದರ ಹೆಸರು ಮಲೇರಿಯಾ. ನಮ್ಮ ಅಜ್ಜ ಅಜ್ಜಿಯರ ಬಾಯಲ್ಲಿ ಅದು ಚಳಿಜ್ವರ.

ಕೆಂಪು ಕಣದೊಳಗಿನ ಕಬ್ಬಿಣ

ರಕ್ತ ಕೆಂಪಾಗಿ ಕಾಣುವುದು ಕಬ್ಬಿಣವನ್ನು ಹೊತ್ತ ಒಂದು ವಸ್ತುವಿನಿಂದ. ರೊಟ್ಟಿ ಹಂಚಿನಲ್ಲಿರುವ, ನೇಗಿಲ ಗುಳದಲ್ಲಿರುವ ಕಬ್ಬಿಣವೇ ನಿಮ್ಮ ಮೈಯಲ್ಲೂ ಇದೆ. ದೊಡ್ಡವರ ಮೈಯಲ್ಲಿರುವುದನ್ನೆಲ್ಲ ಒಟ್ಟುಗೂಡಿಸಿದರೂ 3-4 ಗ್ರಾಂ, ಒಂದು ಮೊಳೆಯ ತೂಕ ಅಷ್ಟೇ. ಅದರಲ್ಲಿ ಮೂರನೇ ಎರಡು ಪಾಲು ಇರುವುದು ರಕ್ತದ ಕೆಂಪು ಕಣಗಳಲ್ಲಿ.

ಸಾಸಿವೆ ಕಾಳಿನಷ್ಟು ರಕ್ತ ತೆಗೆದುಕೊಳ್ಳಿ. ಅಷ್ಟರಲ್ಲೇ ಸುಮಾರು 50 ಲಕ್ಷ ಕೆಂಪು ಕಣಗಳಿರುತ್ತವೆ. ಒಂದೊಂದು ಕಣದಲ್ಲೂ ಹಿಮೋಗ್ಲೋಬಿನ್ ಎಂಬ ವಸ್ತುವಿನ ಸುಮಾರು 27 ಕೋಟಿ ಅಣುಗಳು. ಒಂದೊಂದು ಅಣುವಿನಲ್ಲೂ 4 ಕಬ್ಬಿಣದ ಪರಮಾಣುಗಳು. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದುಕೊಂಡು ಮೆದುಳಿಗೆ, ಕಾಲಿಗೆ, ಕಣ್ಣಿಗೆ ತಲುಪಿಸುವುದು ಈ ಕಬ್ಬಿಣದ ಕೆಲಸ. ನೀವು ದೇವರಾಯನದುರ್ಗದ ಮೆಟ್ಟಿಲನ್ನು ಓಡುತ್ತಾ ಹತ್ತಿದಾಗ ಎದೆ ಡವಡವ ಹೊಡೆದುಕೊಳ್ಳುತ್ತದಲ್ಲ, ಆಗ ಈ ಕಣಗಳನ್ನು ಇನ್ನೂ ಬೇಗ ಬೇಗ ಓಡಾಡಿಸಲು ಹೃದಯ ದುಡಿಯುತ್ತಿರುತ್ತದೆ.

ಹಿಮೋಗ್ಲೋಬಿನ್ ಇರಬೇಕಾದಷ್ಟು ಇಲ್ಲದಿರುವುದೇ ರಕ್ತಹೀನತೆ. ಆಗ ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ತರಗತಿಯಲ್ಲಿ ಪಾಠ ತಲೆಗೆ ಹತ್ತುವುದಿಲ್ಲ, ನಿದ್ದೆ ಎಳೆಯುತ್ತದೆ. ಎಷ್ಟೋ ಸಲ ಟೀಚರ್ "ಈ ಹುಡುಗಿ ಸೋಮಾರಿ" ಅಂದುಕೊಂಡಿರುತ್ತಾರೆ. ಪಾಪ, ಆ ಮಗುವಿನ ಮೆದುಳಿಗೆ ಆಮ್ಲಜನಕವೇ ಸಾಲದೆ ಇರಬಹುದು. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳ ರಕ್ತ ನೋಡಿತು. 100 ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇತ್ತು. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಆಡುವ ಪುಟ್ಟ ತಮ್ಮ ತಂಗಿಯರ ಲೆಕ್ಕ ಇದು.

ಕುಣಿಗಲ್ ಕೆರೆ ಹೇಳುವ ಪಾಠ

ಕುಣಿಗಲ್ ದೊಡ್ಡಕೆರೆಯನ್ನು ನೋಡಿದ್ದೀರಾ? ಅದರ ಮೇಲೆ ಜನಪದರು ಹಾಡು ಕಟ್ಟಿದ್ದಾರೆ. ಆ ಹಾಡು ಕೇಳದ ಕನ್ನಡಿಗರೇ ಕಡಿಮೆ. ಈಗ ಆ ಕೆರೆಯನ್ನು ನಿಮ್ಮ ಮೈ ಅಂದುಕೊಳ್ಳಿ, ಅದರ ನೀರನ್ನು ನಿಮ್ಮ ರಕ್ತ ಅಂದುಕೊಳ್ಳಿ.

ಕೆರೆಗೆ ಮೇಲಿನಿಂದ ಹಳ್ಳದ ನೀರು ಬರುತ್ತದೆ, ಕೆಳಗೆ ತೂಬಿನಿಂದ ಹೊಲಗದ್ದೆಗೆ ಹೋಗುತ್ತದೆ. ರಕ್ತದಲ್ಲೂ ಹಾಗೆಯೇ. ಒಂದು ಕೆಂಪು ಕಣ ಬದುಕುವುದು ಸುಮಾರು 120 ದಿನ. ಹಳೆಯದಾದ ಕಣಗಳನ್ನು ಹೊಟ್ಟೆಯ ಎಡಭಾಗದಲ್ಲಿ ಪಕ್ಕೆಲುಬಿನ ಮರೆಯಲ್ಲಿರುವ ಗುಲ್ಮ ಆರಿಸಿ ತೆಗೆಯುತ್ತದೆ. ಅವುಗಳ ಕಬ್ಬಿಣ ಮತ್ತೆ ಬಳಕೆಗೆ ಬರುತ್ತದೆ. ಮೂಳೆಯೊಳಗಿನ ಮಜ್ಜೆ ಹೊಸ ಕಣಗಳನ್ನು ಹುಟ್ಟಿಸುತ್ತದೆ. ದೊಡ್ಡವರಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ! ಬರುವುದೂ ಹೋಗುವುದೂ ಸಮವಾಗಿದ್ದರೆ ಕೆರೆ ತುಂಬಿಯೇ ಇರುತ್ತದೆ.

ಈ ಕೆರೆಗೆ ಮಲೇರಿಯಾ ಬಂದರೆ ಏನಾಗುತ್ತದೆ ನೋಡೋಣ.

ಸೋಂಕಿರುವ ಹೆಣ್ಣು ಅನಾಫಿಲಿಸ್ ಸೊಳ್ಳೆ ರಾತ್ರಿ ಕಚ್ಚುತ್ತದೆ. ಅದರ ಎಂಜಲಿನ ಜೊತೆ ಪ್ಲಾಸ್ಮೋಡಿಯಂ ಎಂಬ ಪರಾವಲಂಬಿ ಜೀವಿ ಮೈಯೊಳಗೆ ಇಳಿಯುತ್ತದೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಮೊದಲು ಯಕೃತ್ತಿಗೆ, ಅಂದರೆ ಲಿವರ್‌ಗೆ ಹೋಗಿ ಸುಮಾರು ಒಂದು ವಾರ ಅಡಗಿ ಕೂತು ಸಾವಿರಾರು ಮರಿಯಾಗುತ್ತದೆ. ಅಲ್ಲಿಂದ ಹೊರಟು ಒಂದೊಂದೂ ಒಂದೊಂದು ಕೆಂಪು ಕಣದೊಳಗೆ ನುಗ್ಗುತ್ತದೆ. ಒಳಗೆ ಕೂತು ಹಿಮೋಗ್ಲೋಬಿನ್ನನ್ನೇ ತಿನ್ನುತ್ತದೆ. ತಿಂದು ಬೆಳೆದು ಹತ್ತಿಪ್ಪತ್ತು ಮರಿಯಾಗಿ, ಸುಮಾರು 48 ಗಂಟೆಗೆ ಕಣವನ್ನು ಒಡೆದು ಹೊರಗೆ ಬರುತ್ತದೆ. ಆ ಮರಿಗಳು ಮತ್ತೆ ಹತ್ತಿಪ್ಪತ್ತು ಕಣಗಳನ್ನು ಹುಡುಕಿಕೊಂಡು ಹೋಗುತ್ತವೆ. ಹೀಗೆ ಲಕ್ಷಾಂತರ ಕಣಗಳು ಒಟ್ಟಿಗೇ ಒಡೆಯುವ ಹೊತ್ತಿಗೆ ಗಡಗಡ ನಡುಕ, ಆಮೇಲೆ ಕಾದ ಹಂಚಿನಂಥ ಜ್ವರ, ಆಮೇಲೆ ಮೈಯೆಲ್ಲ ಬೆವರು. ಒಂದು ದಿನ ಬಿಟ್ಟು ಒಂದು ದಿನ ಬರುವ ಚಳಿಜ್ವರದ ಗುಟ್ಟು ಇದೇ. ಇದು ಕೆರೆಗೆ ಬಿದ್ದ ಮೊದಲ ಪೆಟ್ಟು. ಏರಿಯಲ್ಲಿ ಹೆಗ್ಗಣ ಬಿಲ ತೋಡಿ ನೀರು ಸೋರಿದ ಹಾಗೆ.

ಎರಡನೆಯ ಪೆಟ್ಟು ಇನ್ನೂ ದೊಡ್ಡದು. ನಮ್ಮ ಹಳ್ಳಿಗಳಲ್ಲಿ ತೂಬು ತೆಗೆದು ಮುಚ್ಚುವ ನೀರುಗಂಟಿ ಇರುತ್ತಾರಲ್ಲ, ಮೈಯಲ್ಲಿ ಆ ಕೆಲಸ ಗುಲ್ಮದ್ದು. ಮಲೇರಿಯಾ ಬಂದಾಗ ಗುಲ್ಮಕ್ಕೆ ಗಾಬರಿ. ಸೋಂಕಿದ ಕಣಗಳನ್ನು ಹಿಡಿದು ತೆಗೆಯುವ ಭರದಲ್ಲಿ ಚೆನ್ನಾಗಿರುವ ಕಣಗಳನ್ನೂ ಹಿಡಿದು ಹಾಕುತ್ತದೆ. ಎಷ್ಟು ಗೊತ್ತೇ? ಫಾಲ್ಸಿಪ್ಯಾರಂ ಎಂಬ ಬಗೆಯ ಮಲೇರಿಯಾದಲ್ಲಿ ಸೋಂಕಿದ ಒಂದು ಕಣದ ಜೊತೆಗೆ ಸೋಂಕಿಲ್ಲದ ಸುಮಾರು 8 ಕಣಗಳು ಹೋಗುತ್ತವೆ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ವೈವಾಕ್ಸ್ ಎಂಬ ಬಗೆಯಲ್ಲಿ ಈ ಸಂಖ್ಯೆ 30ನ್ನೂ ದಾಟುತ್ತದೆ. ಕಳ್ಳನೊಬ್ಬ ತಿಂದಿದ್ದಕ್ಕಿಂತ ಅವನನ್ನು ಹಿಡಿಯುವ ಗಲಾಟೆಯಲ್ಲಿ ತುಳಿದು ಹಾಳಾದ ಪೈರೇ ಹೆಚ್ಚು! ಹೀಗೆ ದುಡಿದು ದುಡಿದು ಗುಲ್ಮವೇ ಊದಿಕೊಳ್ಳುತ್ತದೆ. ಹಿಂದಿನ ಕಾಲದ ಡಾಕ್ಟರುಗಳು ಒಂದು ಊರಿಗೆ ಹೋದರೆ ಮಕ್ಕಳ ಎಡ ಪಕ್ಕೆಯ ಕೆಳಗೆ ಮುಟ್ಟಿ ನೋಡುತ್ತಿದ್ದರು. ಎಷ್ಟು ಮಕ್ಕಳ ಗುಲ್ಮ ಕೈಗೆ ಸಿಗುತ್ತದೆ ಎಂದು ಎಣಿಸಿ ಆ ಊರಲ್ಲಿ ಮಲೇರಿಯಾ ಎಷ್ಟಿದೆ ಎಂದು ಅಳೆಯುತ್ತಿದ್ದರು.

ಮೂರನೆಯ ಪೆಟ್ಟು ಕೆರೆಗೆ ನೀರು ತರುವ ಹಳ್ಳಕ್ಕೇ ಬೀಳುತ್ತದೆ. ಸೋಂಕಿನ ಕಾಲದಲ್ಲಿ ಮೂಳೆಯ ಮಜ್ಜೆ ಮಂಕಾಗಿ ಹೊಸ ಕಣಗಳನ್ನು ಸರಿಯಾಗಿ ಹುಟ್ಟಿಸುವುದಿಲ್ಲ. ಜೊತೆಗೆ ಯಕೃತ್ತು ಹೆಪ್ಸಿಡಿನ್ ಎಂಬ ವಸ್ತುವನ್ನು ಹೆಚ್ಚಾಗಿ ರಕ್ತಕ್ಕೆ ಬಿಡುತ್ತದೆ. ಅದು ಕಬ್ಬಿಣದ ಉಗ್ರಾಣಕ್ಕೆ ಬೀಗ ಜಡಿಯುತ್ತದೆ. ನಮ್ಮ ಕಡೆ ಹಿಂದೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ಇಡುತ್ತಿದ್ದರು ಎಂದು ತಾತನ ಹತ್ತಿರ ಕೇಳಿರಬಹುದು. ಊರಿಗೆ ಕಳ್ಳರು ಬಂದ ಸುದ್ದಿ ಸಿಕ್ಕರೆ ಯಾರಾದರೂ ಹಗೇವಿನ ಬಾಯಿ ತೆಗೆಯುತ್ತಾರೆಯೇ? ಮೈಯೂ ಹಾಗೆಯೇ ಮಾಡುತ್ತದೆ. ರೋಗಾಣುವಿಗೆ ಕಬ್ಬಿಣ ಸಿಗಬಾರದು ಎಂದು ಬಾಯಿ ಮುಚ್ಚುತ್ತದೆ. ಅದು ಒಳ್ಳೆಯ ಉಪಾಯವೇ. ಆದರೆ ಆ ಹೊತ್ತಿನಲ್ಲಿ ಮನೆಯವರಿಗೂ ರಾಗಿ ಸಿಗುವುದಿಲ್ಲ. ಉಂಡ ಊಟದ ಕಬ್ಬಿಣವೂ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ.

ಏರಿಯಲ್ಲಿ ಬಿಲ, ತೆರೆದ ತೂಬು, ಬತ್ತಿದ ಹಳ್ಳ. ಮೂರೂ ಒಟ್ಟಿಗೆ ಆದರೆ ಎಂಥ ಕೆರೆಯೂ ಒಣಗುತ್ತದೆ. ಮೊದಲೇ ಅರ್ಧ ಖಾಲಿಯಾಗಿದ್ದ ಕೆರೆಯಾದರೆ? ಅದಕ್ಕೇ ಮೊದಲಿಂದಲೂ ರಕ್ತ ಕಮ್ಮಿ ಇರುವ ಚಿಕ್ಕ ಮಕ್ಕಳಿಗೂ ಬಸುರಿಯರಿಗೂ ಮಲೇರಿಯಾ ತುಂಬ ಅಪಾಯ.

ಕಳ್ಳ ಬಿಟ್ಟುಹೋದ ಕಪ್ಪು ಗುರುತು

ಕಳ್ಳ ಎಷ್ಟೇ ಜಾಣನಾದರೂ ಏನಾದರೊಂದು ಗುರುತು ಬಿಟ್ಟಿರುತ್ತಾನೆ. ಮಲೇರಿಯಾದ ಕಳ್ಳ ಬಿಟ್ಟ ಗುರುತು ನಮ್ಮದೇ ರಕ್ತದ ಕಬ್ಬಿಣ.

ಹಿಮೋಗ್ಲೋಬಿನ್ ತಿಂದ ಮೇಲೆ ಅದರಲ್ಲಿದ್ದ ಕಬ್ಬಿಣದ ಭಾಗ ಈ ಪರಾವಲಂಬಿಗೆ ವಿಷವಾಗುತ್ತದೆ. ಹಾಗಾಗಿ ಅದನ್ನು ಕಂದುಗಪ್ಪು ಹರಳಾಗಿ ಗಟ್ಟಿ ಮಾಡಿ ಪಕ್ಕಕ್ಕೆ ಇಡುತ್ತದೆ. 1880ರ ನವೆಂಬರ್ 6ರಂದು ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೈನ್ಯದ ಡಾಕ್ಟರ್ ಲಾವೆರಾನ್ ಒಬ್ಬ ರೋಗಿಯ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಮಲೇರಿಯಾ ರೋಗಿಗಳ ರಕ್ತದಲ್ಲಿ ಕಪ್ಪು ಪುಡಿ ಇರುತ್ತದೆ ಎಂಬುದು ಅಷ್ಟರಲ್ಲಿ ಗೊತ್ತಿತ್ತು. ಆ ಕಪ್ಪು ಪುಡಿಯನ್ನು ಒಡಲಲ್ಲಿ ಇಟ್ಟುಕೊಂಡ ಜೀವಿಯೊಂದು ಮಿಸುಕಾಡುವುದನ್ನು ಅವರು ಕಂಡರು. ರೋಗದ ಮೂಲ ಸಿಕ್ಕಿತು.

ಆದರೆ ಅದು ಒಬ್ಬರಿಂದ ಒಬ್ಬರಿಗೆ ದಾಟುವುದು ಹೇಗೆ? ಇದನ್ನು ಹುಡುಕಿದವರು ರೊನಾಲ್ಡ್ ರಾಸ್. ಅವರಿಗೆ ಸೊಳ್ಳೆಯ ಮೊದಲ ಪಾಠ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ! 1883ರಲ್ಲಿ ಅವರು ಅಲ್ಲಿ ಸೈನ್ಯದ ಡಾಕ್ಟರಾಗಿದ್ದರು. ಅವರ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿ ನೋಡಿದರೆ ಅದರ ತುಂಬ ಸೊಳ್ಳೆಮರಿಗಳು. ತೊಟ್ಟಿಯನ್ನು ಬಗ್ಗಿಸಿ ಚೆಲ್ಲಿಸಿದರು. ಸೊಳ್ಳೆ ಕಡಿಮೆಯಾಯಿತು. ಎಲ್ಲ ಕಡೆಯೂ ಹೀಗೇ ಮಾಡೋಣ ಎಂದು ಅಧಿಕಾರಿಯೊಬ್ಬರಿಗೆ ಹೇಳಿದರೆ, ಪ್ರಕೃತಿಯ ನಿಯಮವನ್ನು ಕೆಡಿಸಬಾರದು ಎಂದು ಅವರು ಒಪ್ಪಲಿಲ್ಲವಂತೆ. ರಾಸ್ ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾರೆ.

ಅದಾಗಿ 14 ವರ್ಷ ಕಳೆಯಿತು. 1897ರ ಆಗಸ್ಟ್ 20, ಸಿಕಂದರಾಬಾದ್. ಮಲೇರಿಯಾ ರೋಗಿಯ ರಕ್ತ ಕುಡಿದಿದ್ದ ಸೊಳ್ಳೆಯೊಂದರ ಹೊಟ್ಟೆಯನ್ನು ರಾಸ್ ಸೀಳಿ ನೋಡಿದರು. ಹೊಟ್ಟೆಯ ಗೋಡೆಯ ಮೇಲೆ ದುಂಡನೆಯ ಉಬ್ಬುಗಳು. ಅವುಗಳೊಳಗೆ ಅದೇ ಕಪ್ಪು ಹರಳು! ಮನುಷ್ಯನ ರಕ್ತದಲ್ಲಿ ಕಂಡ ಗುರುತು ಸೊಳ್ಳೆಯ ಹೊಟ್ಟೆಯಲ್ಲೂ ಕಂಡಿತು. ಕಳ್ಳನ ದಾರಿ ಸಿಕ್ಕಿತು. ಈಗಲೂ ಆಗಸ್ಟ್ 20 ವಿಶ್ವ ಸೊಳ್ಳೆ ದಿನ. ರಾಸ್ ಅವರಿಗೆ 1902ರಲ್ಲಿ, ಲಾವೆರಾನ್ ಅವರಿಗೆ 1907ರಲ್ಲಿ ನೊಬೆಲ್ ಬಹುಮಾನ ಬಂತು.

ಕಬ್ಬಿಣದ ಮಾತ್ರೆ ಕೊಟ್ಟರಾಯಿತೇ?

ನಿಮ್ಮಲ್ಲಿ ಜಾಣರೊಬ್ಬರು ಈಗ ಕೇಳಬಹುದು: "ರಕ್ತ ಕಮ್ಮಿಯಾದರೆ ಕಬ್ಬಿಣದ ಮಾತ್ರೆ ನುಂಗಿದರಾಯಿತಲ್ಲ?" ಒಳ್ಳೆಯ ಪ್ರಶ್ನೆ. ವಿಜ್ಞಾನಿಗಳೂ ಹಾಗೇ ಅಂದುಕೊಂಡಿದ್ದರು.

ಆಫ್ರಿಕಾದ ಟಾಂಜಾನಿಯಾ ದೇಶಕ್ಕೆ ಸೇರಿದ ಪೆಂಬಾ ಎಂಬ ದ್ವೀಪವಿದೆ. ಆಗ ಅಲ್ಲಿ ಮಲೇರಿಯಾ ತುಂಬ ಹೆಚ್ಚು. ಅಲ್ಲಿಯ ಚಿಕ್ಕ ಮಕ್ಕಳಿಗೆ ರಕ್ತ ಹೆಚ್ಚಲಿ ಎಂದು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಟ್ಟು ನೋಡಿದರು. 2006ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಮಾತ್ರೆ ತೆಗೆದುಕೊಂಡ ಮಕ್ಕಳಲ್ಲೇ ಕಾಯಿಲೆ ಜೋರಾಗಿ ಆಸ್ಪತ್ರೆ ಸೇರಿದವರು ಹೆಚ್ಚು. ಕಳ್ಳರು ಊರಲ್ಲಿ ಓಡಾಡುತ್ತಿರುವಾಗಲೇ ಹಗೇವಿನ ಬಾಯಿ ತೆರೆದಂತಾಗಿತ್ತು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿತು: ಮಲೇರಿಯಾ ಹೆಚ್ಚಿರುವ ಕಡೆ ಕಬ್ಬಿಣ ಕೊಡುವುದಾದರೆ ಮಲೇರಿಯಾ ತಡೆಯುವ, ಪತ್ತೆ ಮಾಡುವ, ಗುಣಪಡಿಸುವ ವ್ಯವಸ್ಥೆಯೂ ಜೊತೆಗೇ ಇರಬೇಕು.

ಹಾಗೆಂದು ನೀವು ಶಾಲೆಯಲ್ಲಿ ಕೊಡುವ ಮಾತ್ರೆಯನ್ನು ಬೆಂಚಿನ ಕೆಳಗೆ ಎಸೆಯಬೇಡಿ! ಪೆಂಬಾದಲ್ಲಿದ್ದಂಥ ಮಲೇರಿಯಾ ನಮ್ಮ ತುಮಕೂರಿನಲ್ಲಿ ಇಲ್ಲ. ರಾಜ್ಯದಲ್ಲಿ ಮಲೇರಿಯಾ ಈಗ ಬಹಳ ಇಳಿದಿದೆ. ಎಷ್ಟೋ ವರ್ಷಗಳಿಂದ ಹೆಚ್ಚಿನ ಪ್ರಕರಣಗಳು ಸಿಗುತ್ತಿದ್ದದ್ದು ಮಂಗಳೂರಿನ ಕಡೆ. ನಮ್ಮ ಮಕ್ಕಳ ರಕ್ತಹೀನತೆಗೆ ಊಟದಲ್ಲಿ ಕಬ್ಬಿಣ ಸಾಲದಿರುವುದು, ಹೊಟ್ಟೆಯ ಕೊಕ್ಕೆಹುಳುಗಳಂಥ ಕಾರಣಗಳೇ ಹೆಚ್ಚು. ಅದಕ್ಕಾಗಿಯೇ 5ರಿಂದ 9 ವರ್ಷದವರಿಗೆ ಗುಲಾಬಿ ಬಣ್ಣದ, 10ರಿಂದ 19 ವರ್ಷದವರಿಗೆ ನೀಲಿ ಬಣ್ಣದ ಮಾತ್ರೆಯನ್ನು ವಾರಕ್ಕೊಂದು ಕೊಡುವುದು. ಊಟವಾದ ಮೇಲೆ ನುಂಗಿ. ಆದರೆ ಜ್ವರ ಇದ್ದರೆ ಟೀಚರ್‌ಗೆ ಮೊದಲೇ ಹೇಳಿ. ಮೊದಲು ಜ್ವರಕ್ಕೆ ರಕ್ತಪರೀಕ್ಷೆ, ಆಮೇಲೆ ಮಾತ್ರೆ.

ಗುಬ್ಬಿ ಮತ್ತು ಗಪ್ಪಿ

ಮಲೇರಿಯಾ ಇಳಿದಿದೆ ಅಂದೆ. ಹಾಗಾದರೆ ನಾವು ಮರೆತು ಕೂರಬಹುದೇ? ಬೇಡ. ಸೊಳ್ಳೆ ಇನ್ನೂ ಇಲ್ಲೇ ಇದೆ. ನೀರು ಎಲ್ಲಿ ಹೊಸದಾಗಿ ನಿಲ್ಲುತ್ತದೋ ಅಲ್ಲಿಗೆ ಅದು ಬರುತ್ತದೆ. 1930ರ ದಶಕದಲ್ಲಿ ಮಂಡ್ಯಕ್ಕೆ ಇರ್ವಿನ್ ನಾಲೆಯ ನೀರು ಬಂದಾಗ ಹಸಿರಿನ ಜೊತೆಗೆ ಮಲೇರಿಯಾವೂ ಬಂದಿತ್ತು. ಅದೇ ನಾಲೆ ಇಂದಿನ ವಿಶ್ವೇಶ್ವರಯ್ಯ ನಾಲೆ. ಈಗ ನಮ್ಮ ಗುಬ್ಬಿ, ತುಮಕೂರಿನ ಕೆರೆಗಳಿಗೂ ಹೇಮಾವತಿ ನಾಲೆಯ ನೀರು ಬರುತ್ತದೆ. ಅದು ನಮ್ಮ ಭಾಗ್ಯ. ಭಾಗ್ಯವನ್ನು ಕಾಪಾಡಿಕೊಳ್ಳುವ ಎಚ್ಚರವೂ ಬೇಕು.

ತುಂಬಿ ಅಲೆಯಾಡುವ ದೊಡ್ಡ ಕೆರೆಯ ನಡುವೆ ಸೊಳ್ಳೆ ಮೊಟ್ಟೆ ಇಡುವುದು ಕಡಿಮೆ. ಅಲ್ಲಿ ಅಲೆ ಇರುತ್ತದೆ, ಮೀನು ಇರುತ್ತದೆ. ಏರಿಯ ಹಿಂದೆ ಜಿನುಗಿ ನಿಂತ ನೀರು, ಬಳಸದೆ ಬಿಟ್ಟ ಬಾವಿ, ಕಾಲುವೆ ಪಕ್ಕದ ಗುಂಡಿ, ಮನೆ ಮೇಲಿನ ಮುಚ್ಚಳವಿಲ್ಲದ ಟ್ಯಾಂಕ್ ಇವೇ ಅನಾಫಿಲಿಸ್‌ಗೆ ಇಷ್ಟದ ಜಾಗ. ಅದರ ಮರಿಯನ್ನು ನೀವೇ ಗುರುತಿಸಬಹುದು. ಬೇರೆ ಸೊಳ್ಳೆಗಳ ಮರಿ ನೀರಿನಲ್ಲಿ ತಲೆಕೆಳಗಾಗಿ ಜೋತಾಡುತ್ತದೆ. ಅನಾಫಿಲಿಸ್ ಮರಿ ನೀರಿನ ಮೇಲೆ ಕಡ್ಡಿಯ ಹಾಗೆ ಅಡ್ಡಡ್ಡ ಮಲಗಿರುತ್ತದೆ. ಬೆಳೆದ ಸೊಳ್ಳೆಯಾದರೆ ಗೋಡೆ ಮೇಲೆ ಬಾಲ ಎತ್ತಿ ಕೂರುತ್ತದೆ.

ಮರಿಗಳನ್ನು ತಿನ್ನುವ ಮೀನುಗಳಿವೆ. ಡಾ. ಬಿ.ಎ. ರಾವ್ ಅವರು 1928ರಲ್ಲಿ ಇಟಲಿಯಿಂದ ಗ್ಯಾಂಬೂಸಿಯಾ ಎಂಬ ಮೀನನ್ನು ತಂದರು. ಇನ್ನೊಂದು ಮೀನಿನ ಹೆಸರು ಕೇಳಿದರೆ ಗುಬ್ಬಿಯ ಮಕ್ಕಳಿಗೆ ಖುಷಿಯಾಗಬಹುದು. ಅದು ಗಪ್ಪಿ! ಟ್ರಿನಿಡಾಡ್ ದ್ವೀಪದಿಂದ ಆ ಮೀನನ್ನು ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಕಳಿಸಿದ ಗಪ್ಪಿ ಎಂಬುವರ ಹೆಸರೇ ಅದಕ್ಕೆ ಬಂದಿದೆ. ಹಿಡಿಯಲ್ಲಿ ಹತ್ತಾರು ಹಿಡಿಸುವಷ್ಟು ಪುಟ್ಟ ಮೀನು. ರೇಷ್ಮೆ ಸಾಕುವ ಮನೆಗಳಲ್ಲಿ ಸೊಳ್ಳೆ ಔಷಧ ಹೊಡೆದರೆ ರೇಷ್ಮೆಹುಳು ಸಾಯುತ್ತದೆ. ಅಂಥ ಊರುಗಳಿಗೆ ಬಾವಿಯಲ್ಲಿ ಬಿಟ್ಟ ಮೀನು ದೊಡ್ಡ ಆಸರೆ. ಕರ್ನಾಟಕದ ಹಳ್ಳಿಗಳಲ್ಲಿ ಮಲೇರಿಯಾ ಸಂಶೋಧಕರು ಇದನ್ನು ಮಾಡಿ ತೋರಿಸಿದ್ದಾರೆ. ಒಂದು ಮಾತು ನೆನಪಿಡಿ: ಇವು ಹೊರಗಿನಿಂದ ಬಂದ ಮೀನುಗಳು. ಹಳ್ಳ ಕೆರೆಗಳಿಗೆ ಸೇರಿದರೆ ನಮ್ಮ ನಾಡಿನ ಮೀನುಮರಿ, ಗೊದಮೊಟ್ಟೆಗಳಿಗೂ ಕುತ್ತು. ಆರೋಗ್ಯ ಇಲಾಖೆಯವರು ಹೇಳಿದ ಬಾವಿ, ತೊಟ್ಟಿಗಳಿಗೆ ಮಾತ್ರ ಬಿಡಬೇಕು.

ಗುಬ್ಬಿ ಅಂದರೆ ನಾಟಕದ ಊರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ಗುಬ್ಬಿ ವೀರಣ್ಣನವರು ನಾಡಿಗೆಲ್ಲ ಹೆಸರಾಗುವಂತೆ ಬೆಳೆಸಿದರು. ರಂಗದ ಮೇಲೆ ಕಂಡದ್ದು ಜನರ ಮನಸ್ಸಿನಲ್ಲಿ ಉಳಿಯುತ್ತದೆ. ಮಲೇರಿಯಾ ತಡೆಯಲು ಕೂಡ ಈ ಶಕ್ತಿ ಬಳಕೆಯಾಗಿದೆ. 2001ರ ಡಿಸೆಂಬರ್‌ನಲ್ಲಿ ಮಲೇರಿಯಾ ಇದ್ದ ನಮ್ಮ ರಾಜ್ಯದ ಒಂದು ಜಿಲ್ಲೆಯಲ್ಲಿ 30 ಮಂದಿ ಸ್ಥಳೀಯ ಕಲಾವಿದರು ಎರಡು ವಾರ ಸಂಜೆ ಹೊತ್ತು ಕಲಾಜಾಥಾ ನಡೆಸಿದರು. ಎರಡು ತಿಂಗಳ ಬಳಿಕ ಹೋಗಿ ಕೇಳಿದಾಗ, ನೋಡದವರಿಗಿಂತ ನೋಡಿದವರಿಗೆ ಸೊಳ್ಳೆ, ಜ್ವರ, ಮೀನು ಇವೆಲ್ಲದರ ಬಗ್ಗೆ ಚೆನ್ನಾಗಿ ಗೊತ್ತಿತ್ತು. ಈ ಸಲ ನಿಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ನೀವೂ ಇಂಥ ಒಂದು ಪುಟ್ಟ ನಾಟಕ ಕಟ್ಟಬಹುದಲ್ಲ?

ಕೆರೆ ಮತ್ತೆ ತುಂಬಲಿ

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಮಾತಿಗೆ ಬರುತ್ತೇನೆ. ಮಲೇರಿಯಾ ಬಂದವರಿಗೆ ಔಷಧಿ ಕೊಟ್ಟರೆ ಕೆಲವೇ ದಿನಕ್ಕೆ ಜ್ವರ ಬಿಡುತ್ತದೆ. ಮನೆಯವರು "ಸದ್ಯ, ಹುಷಾರಾಯ್ತು" ಎಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಜ್ವರ ಬಿಟ್ಟ ದಿನವೇ ರಕ್ತ ಮರಳಿ ಬರುವುದಿಲ್ಲ. ಒಡೆದ ಏರಿಯನ್ನು ಕಟ್ಟಿದ ಮಾತ್ರಕ್ಕೆ ಕೆರೆ ತುಂಬುತ್ತದೆಯೇ? ಮಳೆ ಬರಬೇಕು, ಹಳ್ಳ ಹರಿಯಬೇಕು. ರಕ್ತ ಮೊದಲಿನಂತಾಗಲು ವಾರಗಳೇ ಬೇಕು.

ವೈವಾಕ್ಸ್ ಮಲೇರಿಯಾದಲ್ಲಿ ಇನ್ನೊಂದು ಮೋಸವಿದೆ. ಅದರ ಕೆಲವು ಮರಿಗಳು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು, ಒಂದು ದಿನ ಎದ್ದು ಬರುತ್ತವೆ. ಮತ್ತೆ ಜ್ವರ, ಮತ್ತೆ ರಕ್ತ ನಷ್ಟ. ಹೀಗೆ ಮಲಗಿದವುಗಳನ್ನು ಕೊಲ್ಲಲೆಂದೇ ಡಾಕ್ಟರು 14 ದಿನದ ಮಾತ್ರೆ ಕೊಡುತ್ತಾರೆ. ಮೂರನೇ ದಿನಕ್ಕೇ ಮೈ ಹಗುರವಾಯಿತೆಂದು ಮಾತ್ರೆ ಬಿಟ್ಟರೆ ಕಳ್ಳನನ್ನು ಮನೆಯಲ್ಲೇ ಮಲಗಿಸಿಕೊಂಡಂತೆ. ಡಾಕ್ಟರು ಎಷ್ಟು ದಿನ ಹೇಳಿದ್ದಾರೋ ಅಷ್ಟೂ ದಿನ ನುಂಗಬೇಕು.

ಊಟದ ವಿಷಯ ಕೇಳಿ. ಮುದ್ದೆ ನಮ್ಮ ಊಟ, ಒಳ್ಳೆಯದು. ಮುದ್ದೆಯ ಜೊತೆಗೆ ಹುರುಳಿಕಾಳಿನ ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ ಇರಲಿ. ತಿನ್ನುವ ಮನೆಗಳಲ್ಲಿ ಮೊಟ್ಟೆ, ಮಾಂಸ, ಮೀನು ಇರಲಿ. ಕಾಳು, ಸೊಪ್ಪುಗಳ ಕಬ್ಬಿಣ ಸುಲಭಕ್ಕೆ ರಕ್ತ ಸೇರುವುದಿಲ್ಲ, ಅದಕ್ಕೆ ಹುಳಿಯ ನೆರವು ಬೇಕು. ಒಂದು ಹೋಳು ನಿಂಬೆಹಣ್ಣು ಹಿಂಡಿ, ಊಟದ ಜೊತೆ ನೆಲ್ಲಿಕಾಯಿ ಅಥವಾ ಸೀಬೆಹಣ್ಣು ತಿನ್ನಿ. ಕಾಳು, ರಾಗಿಯನ್ನು ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಊಟದ ಹೊತ್ತಿಗೆ ಕಾಫಿ, ಟೀ ಬೇಡ. ಅವು ಕಬ್ಬಿಣವನ್ನು ರಕ್ತಕ್ಕೆ ಹೋಗಗೊಡುವುದಿಲ್ಲ.

ಇನ್ನು ಮೂರು ಕೆಲಸ ನಿಮ್ಮದು. ಒಂದು, ವಾರಕ್ಕೊಂದು ದಿನ ಮನೆಯ ತೊಟ್ಟಿ, ಡ್ರಮ್ಮು, ಹೂಕುಂಡದ ತಟ್ಟೆ ಎಲ್ಲವನ್ನೂ ಖಾಲಿ ಮಾಡಿ ಉಜ್ಜಿ ಒಣಗಿಸಿ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರಕ್ಕಿಂತ ಹೆಚ್ಚು ಸಮಯ ಬೇಕು, ನಾವು ಅಷ್ಟು ಸಮಯ ಕೊಡದಿದ್ದರಾಯಿತು. ಎರಡು, ರಾತ್ರಿ ಸೊಳ್ಳೆಪರದೆಯೊಳಗೆ ಮಲಗಿ, ಪುಟ್ಟ ಮಕ್ಕಳನ್ನು ಮೊದಲು ಮಲಗಿಸಿ. ಮೂರು, ಮನೆಯಲ್ಲಿ ಯಾರಿಗೇ ಚಳಿಜ್ವರ ಬಂದರೂ ಆಶಾ ಅಕ್ಕನಿಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಹೇಳಿ ರಕ್ತ ಪರೀಕ್ಷೆ ಮಾಡಿಸಿ. ಒಂದು ಹನಿ ರಕ್ತ ಸಾಕು, ಪರೀಕ್ಷೆ ಉಚಿತ. ಜ್ವರ ಬಿಟ್ಟ ಮೇಲೆ, "ಡಾಕ್ಟ್ರೇ, ಹಿಮೋಗ್ಲೋಬಿನ್ ಎಷ್ಟಿದೆ?" ಎಂದು ಕೇಳುವುದನ್ನು ಮರೆಯಬೇಡಿ.

ಇನ್ನೊಂದು ಸಲ ಕನ್ನಡಿ ಮುಂದೆ ನಿಂತಾಗ ನಿಮ್ಮ ಕಣ್ಣುರೆಪ್ಪೆಯ ಜೊತೆಗೆ ತಂಗಿಯದನ್ನೂ ತಮ್ಮನದನ್ನೂ ನೋಡಿ. ಬಿಳಿಚಿಕೊಂಡಿದ್ದರೆ ಅಮ್ಮನ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆ ಕೆಂಪನ್ನು ಕಾಯುವ ನೀರುಗಂಟಿ ಇನ್ನು ನೀವೇ.